ಇನ್ನಿಸ್‌ಫೇಲ್ ಹತ್ತಿರ 12 ಎಕರೆ ಜಾಗ: ಮಲೆನಾಡಿನವನು ಎಲ್ಲಿಂದ ಶುರು ಮಾಡಲಿ?

ತುಂಗಾತೀರದವ

ಎಲ್ಲರಿಗೂ ನಮಸ್ಕಾರ. ನಾನು ರವಿ, ತೀರ್ಥಹಳ್ಳಿ ತಾಲ್ಲೂಕಿನವನು. ಊರಲ್ಲಿ ಮೂರು ಎಕರೆ ಅಡಿಕೆ ತೋಟ ಇದೆ, ಈಗ ಅಣ್ಣ ನೋಡಿಕೊಳ್ಳುತ್ತಿದ್ದಾನೆ. ನನ್ನ ಹೆಂಡತಿ ನರ್ಸ್. ಅವಳಿಗೆ ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೆಲಸ ಸಿಕ್ಕಿತು. 491 ವೀಸಾದಲ್ಲಿ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದೆವು. ಮಗಳಿಗೆ ಒಂಬತ್ತು ವರ್ಷ.

ಇನ್ನಿಸ್‌ಫೇಲ್‌ನಿಂದ ಅರ್ಧ ಗಂಟೆ ದೂರದಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಕಂಬಗಳ ಮೇಲೆ ನಿಂತಿರುವ ಹಳೇ ಮರದ ಮನೆ. ಹಿಂದೆ 12 ಎಕರೆ ಇಳಿಜಾರು, ಕೆಳಗೆ ತೊರೆ. ಮೊದಲು ಕಬ್ಬು ಇತ್ತಂತೆ, ಐದು ವರ್ಷದಿಂದ ಪಾಳು. ಹುಲ್ಲು ನನ್ನ ಎದೆಮಟ್ಟ ಬೆಳೆದಿದೆ. ಮಾಲೀಕರು ಟೌನ್ಸ್‌ವಿಲ್‌ನಲ್ಲಿದ್ದಾರೆ. ಬೇಕಾದ್ದು ಬೆಳೆದುಕೋ, ಮರ ಕಡಿಯೋ ಮುಂಚೆ ಮಾತ್ರ ಕೇಳು ಅಂದಿದ್ದಾರೆ. ಹೆಂಡತಿ ಡ್ಯೂಟಿಗೆ, ಮಗಳು ಶಾಲೆಗೆ ಹೋದ ಮೇಲೆ ನಾನು ಮತ್ತು ಈ 12 ಎಕರೆ.

ನನ್ನ ಪ್ರಶ್ನೆಗಳು ಇವು. ಅಡಿಕೆ ಹಾಕಿ ಮೆಣಸಿನ ಬಳ್ಳಿ ಹಬ್ಬಿಸಬಹುದಾ? ಮಧ್ಯೆ ಬಾಳೆ? ಅಮ್ಮನ ಹತ್ತಿರ ಹೀರೆ, ಮೊಗೆ, ಬಸಳೆ ಬೀಜ ಇದೆ, ತರಿಸಬಹುದಾ? ಸೆಪ್ಟೆಂಬರ್‌ನಲ್ಲಿ ನೆಡಲು ಶುರು ಮಾಡಿದರೆ ಸರಿಯಾ?

ಇನ್ನೊಂದು. ಇಲ್ಲಿನ ಮಣ್ಣಿನ ವಾಸನೆ ನಮ್ಮೂರಿನದೇ. ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಕೂತಿರುತ್ತದೆ. ಕಣ್ಣು ಮುಚ್ಚಿದರೆ ಊರಲ್ಲೇ ಇದ್ದೀನಿ ಅನಿಸುತ್ತದೆ. ಕಣ್ಣು ಬಿಟ್ಟರೆ ಮಾತಾಡಿಸುವವರಿಲ್ಲ. ಈ ಭಾಗದಲ್ಲಿ ಕನ್ನಡದವರು ಯಾರಾದರೂ ತೋಟ ಮಾಡಿದ್ದಾರಾ?

ಸಾಗರದವಳು

ರವಿ, ಇದ್ದೀವಪ್ಪ. ನಾನು ಸಾಗರ ತಾಲ್ಲೂಕಿನವಳು. ಸೌತ್ ಜಾನ್‌ಸ್ಟೋನ್ ಕಡೆ ನಮ್ಮ ಮನೆ, ನಿಮಗೆ ದೂರವೇನಿಲ್ಲ. 2014ರ ಜನವರಿಯಲ್ಲಿ ಬಂದೆವು. ನನ್ನವರು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕಿದ್ದಾರೆ. ತೋಟ ನನ್ನದು. 14 ಎಕರೆಯಲ್ಲಿ ಆರು ಎಕರೆ ಮಾತ್ರ ಬೆಳೆ, ಉಳಿದದ್ದು ಕಾಡು.

ಎಲ್ಲಕ್ಕಿಂತ ಮೊದಲು ಒಂದು ಮಾತು. ಈ ಜಾಗ ನೋಡೋದಕ್ಕೆ ಮಲೆನಾಡೇ. ಕೆಂಪು ಮಣ್ಣು, ಕಾಡು, ಇಂಬಳ, ತೊರೆ ಬದಿಯಲ್ಲಿ ಕೆಸು, ಎಲ್ಲ ಇದೆ. ಅದಕ್ಕೇ ನಮ್ಮ ಕೈ ಯೋಚನೆ ಮಾಡದೆ ಊರಿನ ಕೆಲಸ ಮಾಡಿಬಿಡುತ್ತದೆ. ನನಗೆ ಆದದ್ದು ಹೇಳುತ್ತೇನೆ.

ಎರಡನೇ ವರ್ಷ 40 ಮ್ಯಾಂಗೊಸ್ಟೀನ್ ಸಸಿ ತಂದೆ. ಅದಕ್ಕೆ ಚಿಕ್ಕದಿರುವಾಗ ನೆರಳು ಬೇಕೇ ಬೇಕು. ಊರಲ್ಲಿ ಅಪ್ಪ ಎಳೆ ಅಡಿಕೆ ಮರಕ್ಕೆ ನೈಋತ್ಯ ದಿಕ್ಕಿನಲ್ಲಿ ಸೋಗೆ ಕಟ್ಟುತ್ತಿದ್ದರು, ಚಳಿಗಾಲದ ಮಧ್ಯಾಹ್ನದ ಬಿಸಿಲು ಆ ಕಡೆಯಿಂದ ಕಾಂಡ ಸುಡುತ್ತದೆ ಅಂತ. ನಾನೂ ಅದನ್ನೇ ಮಾಡಿದೆ. ತೆಂಗಿನ ಗರಿಯ ತಟ್ಟಿ ಹೆಣೆದು ಪ್ರತಿ ಸಸಿಗೂ ನೈಋತ್ಯಕ್ಕೆ ನಿಲ್ಲಿಸಿದೆ. ಒಂದು ವಾರದ ಕೆಲಸ. ಸೆಪ್ಟೆಂಬರ್ ಹೊತ್ತಿಗೆ ಎಲೆಗಳು ಸುಟ್ಟು ಕಂದಾಗಿ ಉದುರಿದವು. ನೀರು ಕಮ್ಮಿಯಾಯಿತೇನೋ ಅಂತ ಇನ್ನೂ ನೀರು ಹಾಕಿದೆ. 26 ಸಸಿ ಸತ್ತವು.

ಪಕ್ಕದ ತೋಟದ ಅಜ್ಜ ಬಂದು ನೋಡಿದರು. ಇಟಲಿಯಿಂದ ಕಬ್ಬು ಕಡಿಯಲು ಬಂದವರ ಮೊಮ್ಮಗ ಅವರು. ಏನೂ ಹೇಳದೆ ಒಂದು ತಟ್ಟಿ ಕಿತ್ತು, ಸಸಿಯ ಇನ್ನೊಂದು ಬದಿಗೆ ಊರಿದರು. ವಾಯವ್ಯಕ್ಕೆ. ಆಗ ನನಗೆ ಹೊಳೆಯಿತು. ನಾವು ಭೂಮಧ್ಯರೇಖೆಯ ಕೆಳಗಿದ್ದೇವೆ. ಕಲಬುರಗಿ ಉತ್ತರಕ್ಕೆ ಎಷ್ಟು ದೂರವೋ ಇನ್ನಿಸ್‌ಫೇಲ್ ದಕ್ಷಿಣಕ್ಕೆ ಹೆಚ್ಚುಕಮ್ಮಿ ಅಷ್ಟೇ ದೂರ. ನವೆಂಬರ್ ಮಧ್ಯದಿಂದ ಜನವರಿವರೆಗೆ ಬಿಟ್ಟರೆ ವರ್ಷವಿಡೀ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ. ಒಂದೂವರೆ ವರ್ಷದಿಂದ ಅದೇ ಬಿಸಿಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಕಣ್ಣು ನೋಡಿತ್ತು, ಕೈಗೆ ತಿಳಿದಿರಲಿಲ್ಲ. ಉಳಿದ 14 ಸಸಿ ಇವತ್ತು ನನಗಿಂತ ಎತ್ತರ ಇವೆ, ಹಣ್ಣೂ ಬಿಡುತ್ತಿವೆ. ಸತ್ತವುಗಳ ಗುಂಡಿ ದಾಟುವಾಗ ಮಾತ್ರ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಹಾಗಾಗಿ ಸೆಪ್ಟೆಂಬರ್‌ನಲ್ಲಿ ದೀರ್ಘಕಾಲದ ಗಿಡ ಯಾವುದನ್ನೂ ನೆಡಬೇಡಿ. ಒಂದು ಪೂರ್ತಿ ಮಳೆಗಾಲ ನೋಡಿ. ಇಲ್ಲಿ ಮಳೆಗಾಲ ಅಂದರೆ ಡಿಸೆಂಬರ್ ಕೊನೆಯಿಂದ ಏಪ್ರಿಲ್. ಮಾರ್ಚ್‌ನಲ್ಲಿ ಜಾಸ್ತಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ. ಆಗುಂಬೆಯ ಲೆಕ್ಕದಲ್ಲಿ ಅರ್ಧ. ನಿಮಗೆ ಅದು ದೊಡ್ಡದು ಅನಿಸಲಿಕ್ಕಿಲ್ಲ. ಆದರೆ ಊರಲ್ಲಿ ಮಳೆ ಹಿಡಿದರೆ ಹಿಡಿಯಿತು, ಬಿಟ್ಟರೆ ಆರು ತಿಂಗಳು ಬಿಟ್ಟಿತು. ಇಲ್ಲಿ ಪೂರ್ತಿ ಬಿಡುವುದೇ ಇಲ್ಲ. ಈಗ ಜುಲೈ, ಬೆಳಿಗ್ಗೆ ನಿಮ್ಮಲ್ಲೂ ಹನಿ ಬಿದ್ದಿರಬೇಕು ಅಲ್ವಾ? ಅದು ಆಗ್ನೇಯದಿಂದ ಬೀಸುವ ಗಾಳಿಯ ಮಳೆ. ಸೆಪ್ಟೆಂಬರ್, ಅಕ್ಟೋಬರ್ ಮಾತ್ರ ಸ್ವಲ್ಪ ಒಣ. ಬೇರು ಒಣಗಲು ಸಿಗುವ ಸಮಯ ಅಷ್ಟೇ.

ಜನವರಿಯಲ್ಲಿ ದೊಡ್ಡ ಮಳೆ ಬಂದ ಮಾರನೇ ದಿನ ಗಂಬೂಟು ಹಾಕಿಕೊಂಡು ಪೂರ್ತಿ ಜಾಗ ಸುತ್ತಿ. ನೀರು ನಿಂತ ಕಡೆ ಒಂದು ಗೂಟ, ನೀರು ಹರಿದು ಮಣ್ಣು ಕೊಚ್ಚಿದ ಕಡೆ ಬಟ್ಟೆ ಕಟ್ಟಿದ ಇನ್ನೊಂದು ಗೂಟ ನೆಡಿ. ಮೂರು ಸಲ ಹೀಗೆ ಮಾಡಿದರೆ ಬಸಿಗಾಲುವೆ ಎಲ್ಲಿ ಬರಬೇಕು ಅಂತ ಜಾಗವೇ ಹೇಳುತ್ತದೆ. ಹಳೇ ಕಬ್ಬಿನ ಗದ್ದೆ ಆದ್ದರಿಂದ ಹುಲ್ಲಿನಡಿ ಹಳೇ ಕಾಲುವೆ ಇರಲೂಬಹುದು, ಹುಡುಕಿ.

ಇನ್ನು ಗಾಳಿ. ಇದು ನಮಗೆ ಊರಲ್ಲಿ ಗೊತ್ತಿಲ್ಲದ ವಿಷಯ. 2006ರ ಮಾರ್ಚ್ 20ರ ಬೆಳಿಗ್ಗೆ ಲ್ಯಾರಿ ಚಂಡಮಾರುತ ಇನ್ನಿಸ್‌ಫೇಲ್ ಹತ್ತಿರವೇ ದಡ ಹತ್ತಿತು. ದೇಶದ ಬಾಳೆ ಬೆಳೆಯಲ್ಲಿ ಶೇ 80ಕ್ಕೂ ಜಾಸ್ತಿ ಒಂದು ಬೆಳಿಗ್ಗೆಯಲ್ಲಿ ನೆಲಕ್ಕೆ ಬಿತ್ತು. ಐದು ವರ್ಷಕ್ಕೆ, 2011ರ ಫೆಬ್ರವರಿಯಲ್ಲಿ ಯಾಸಿ ಬಂತು, ಮಿಷನ್ ಬೀಚ್ ಹತ್ತಿರ. ಪಕ್ಕದ ಅಜ್ಜ ಎರಡನ್ನೂ ಬಚ್ಚಲುಮನೆಯಲ್ಲಿ ಹಾಸಿಗೆ ಹೊದ್ದು ಕಳೆದವರು. ಅವರ ತೋಟ ನೋಡಿದರೆ ಗಾಳಿಯ ಲೆಕ್ಕ ಕಾಣುತ್ತದೆ. ಹಣ್ಣಿನ ಮರಗಳನ್ನು ಪ್ರತಿ ವರ್ಷ ಕತ್ತರಿಸಿ ಕುಳ್ಳಗೆ ಇಟ್ಟಿದ್ದಾರೆ. ಮನೆ ಹತ್ತಿರ ದೊಡ್ಡ ಮರ ಒಂದೂ ಇಲ್ಲ. ಇಲ್ಲಿ ಕೆಲವು ಬಾಳೆ ತೋಟದವರು ಚಂಡಮಾರುತ ಬರುವ ಮುನ್ನ ಎಲೆಗಳನ್ನೇ ಕಡಿದುಹಾಕುತ್ತಾರೆ. ಗಾಳಿಗೆ ಹಿಡಿಯಲು ಏನೂ ಸಿಗದಿದ್ದರೆ ದಿಂಡು ನಿಲ್ಲುತ್ತದೆ, ಗೊನೆ ತಡವಾದರೂ ಬರುತ್ತದೆ. ಮೊದಲು ಕೇಳಿದಾಗ ನನಗೆ ಸಂಕಟವಾಗಿತ್ತು. ಈಗ ಅರ್ಥವಾಗುತ್ತದೆ.

ನೀವು ಕೇಳಿದ ಬೆಳೆಗಳು. ಅಡಿಕೆ ಮರ ಬೆಳೆಯುತ್ತದೆ, ಆದರೆ ಇಲ್ಲಿ ಅಡಿಕೆಗೆ ಕಾನೂನಿನ ತೊಡಕಿದೆ, ಮಾರುಕಟ್ಟೆ ಇಲ್ಲ. ದೇವರ ಮುಂದೆ ಇಡಲು ಎರಡು ಮರ ಸಾಕು. ಬಾಳೆ ಸುಮ್ನೆ ನೆಡುವ ಹಾಗಿಲ್ಲ. 2015ರ ಮಾರ್ಚ್‌ನಲ್ಲಿ ಟಲ್ಲಿ ಕಣಿವೆಯ ತೋಟವೊಂದರಲ್ಲಿ ಪನಾಮ ರೋಗದ ಟಿಆರ್‌4 ತಳಿ ಸಿಕ್ಕಿತು. ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುವ ರೋಗ, ಔಷಧಿ ಇಲ್ಲ. ಆಮೇಲೆ ತೋಟಗಳ ಗೇಟಿಗೆಲ್ಲ ಬೇಲಿ, ಚಕ್ರ ತೊಳೆಯುವ ಗುಂಡಿ, ಬೂಟು ಅದ್ದುವ ತಟ್ಟೆ ಬಂದವು. ದೇಶದ ಬಾಳೆಹಣ್ಣಿನಲ್ಲಿ ಶೇ 90ಕ್ಕೂ ಜಾಸ್ತಿ ಇದೇ ಉತ್ತರ ಕ್ವೀನ್ಸ್‌ಲ್ಯಾಂಡ್‌ನಿಂದ ಹೋಗುತ್ತದೆ, ಸುತ್ತಮುತ್ತಲಿನವರ ಜೀವನ ಅದರ ಮೇಲಿದೆ. ಯಾರೋ ಕೊಟ್ಟರು ಅಂತ ಕಂದು ತರಬೇಡಿ. ಗಿಡದ ರೋಗ, ಕೀಟ ಹರಡದಂತೆ ನೋಡಿಕೊಳ್ಳುವ ಸರ್ಕಾರಿ ಕಚೇರಿ ಬಯೋಸೆಕ್ಯುರಿಟಿ ಕ್ವೀನ್ಸ್‌ಲ್ಯಾಂಡ್‌ಗೆ ಫೋನ್ ಮಾಡಿ, ನಿಮ್ಮ ವಿಳಾಸಕ್ಕೆ ಯಾವ ನಿಯಮ ಅಂತ ಕೇಳಿ, ಅವರು ಹೇಳಿದ ಕಡೆಯಿಂದಲೇ ಗಿಡ ತನ್ನಿ. ಅನುಮತಿ ಇಲ್ಲದೆ ಬೇರೆಯವರ ತೋಟದೊಳಗೆ ಕಾಲಿಡಲೂ ಬೇಡಿ. ಊರಿನ ಹಾಗೆ ಬೇಲಿ ದಾಟಿ 'ಏನು ಮಾಡ್ತಿದೀರಿ' ಅಂತ ಹೋಗುವುದು ಇಲ್ಲಿ ದೊಡ್ಡ ತಪ್ಪು.

ಬೀಜ ತರಿಸಬೇಡಿ. ನನ್ನ ಅತ್ತೆ ಮೊದಲ ಸಲ ಬರುವಾಗ ಸೆರಗಿನ ಗಂಟಿನಲ್ಲಿ ಹೀರೆ ಬೀಜ ಕಟ್ಟಿಕೊಂಡು ಬಂದಿದ್ದರು. ವಿಮಾನದಲ್ಲಿ ಕೊಟ್ಟ ಕಾರ್ಡಿನಲ್ಲಿ ಬೀಜ ಇದೆ ಅಂತಲೇ ನಾನು ಬರೆಸಿದ್ದೆ. ಅಧಿಕಾರಿ ಮರ್ಯಾದೆಯಿಂದ ತೆಗೆದುಕೊಂಡು ಒಳಗಿಟ್ಟರು. ದಂಡ ಬೀಳಲಿಲ್ಲ. ಬರೆಯದೆ ಸಿಕ್ಕಿಬಿದ್ದಿದ್ದರೆ ಕತೆಯೇ ಬೇರೆ. ಅತ್ತೆ ಎರಡು ದಿನ ಬೇಜಾರಿನಲ್ಲಿದ್ದರು. ಹೀರೆ, ಹಾಗಲ, ಬಸಳೆ, ಕರಿಬೇವು ಎಲ್ಲ ಇಲ್ಲೇ ಸಿಗುತ್ತವೆ. ಕೇರ್ನ್ಸ್‌ನ ರಸ್ಟೀಸ್ ಮಾರ್ಕೆಟ್‌ಗೆ ಶುಕ್ರವಾರದಿಂದ ಭಾನುವಾರದೊಳಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಏನು ಮಾರುತ್ತದೆ ಅಂತ ನೋಡಿದರೆ ಏನು ಬೆಳೆಯಬೇಕು ಅನ್ನುವುದೂ ತಿಳಿಯುತ್ತದೆ. ನನಗೆ ಮೊದಲು ದುಡ್ಡು ಕೊಟ್ಟದ್ದು ಎಳೆ ಹಲಸಿನಕಾಯಿ, ಕೆಸುವಿನ ಗೆಡ್ಡೆ ಮತ್ತು ಕರಿಬೇವು.

ಒಂದು ಒಳ್ಳೇ ಸುದ್ದಿಯೂ ಇದೆ. ಇಲ್ಲಿ ಮಂಗ ಇಲ್ಲ. ಇಡೀ ದೇಶದಲ್ಲೇ ಕಾಡು ಮಂಗ ಇಲ್ಲ. ನಮ್ಮಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆದರೆ ಹಂದಿ ಇದೆ, ಒಂದೇ ರಾತ್ರಿಯಲ್ಲಿ ಕೆಸುವಿನ ಸಾಲು ಉತ್ತು ಹಾಕುತ್ತದೆ. ಹಣ್ಣಿಗೆ ಬಾವಲಿ ಬರುತ್ತದೆ. ಅದನ್ನು ಕೊಲ್ಲುವಂತಿಲ್ಲ, ಬಲೆ ಕಟ್ಟಬೇಕು.

ಕ್ಯಾಸೊವರಿ ಬಂದರೆ ಓಡಬೇಡಿ. ಮನುಷ್ಯನೆತ್ತರದ ಹಕ್ಕಿ, ಕತ್ತು ನೀಲಿ, ಕಾಲಿನ ಉಗುರು ಕತ್ತಿಯ ಹಾಗೆ. ಮಧ್ಯೆ ಒಂದು ಮರ ಅಥವಾ ಚೀಲ ಇಟ್ಟುಕೊಂಡು ಮೆಲ್ಲಗೆ ಹಿಂದೆ ಸರಿಯಿರಿ. ತಿನ್ನಲು ಏನೂ ಹಾಕಬೇಡಿ, ಅದು ಅಪರಾಧ. ಮರಿಗಳ ಜೊತೆ ಓಡಾಡುವುದು ಅಪ್ಪ. ಮೊಟ್ಟೆಗೆ ಕಾವು ಕೊಡುವವನೂ ಅವನೇ. ಪ್ರತಿ ವರ್ಷ ಒಬ್ಬ ಮರಿ ಕಟ್ಟಿಕೊಂಡು ನಮ್ಮ ಕಾಡಂಚಿನಲ್ಲಿ ಹಾದು ಹೋಗುತ್ತಾನೆ. ಆ ದಿನ ನಾನು ಬೇರೆ ಕೆಲಸ ಮಾಡುವುದಿಲ್ಲ, ಕಿಟಕಿಯಲ್ಲೇ ಕೂತಿರುತ್ತೇನೆ.

ತೊರೆ ಬದಿಯಲ್ಲಿ ಹೃದಯದ ಆಕಾರದ ದೊಡ್ಡ ಎಲೆ, ಮೇಲೆ ನವಿರು ರೋಮ ಇರುವ ಗಿಡ ಕಂಡರೆ ಮುಟ್ಟಬೇಡಿ. ಗಿಂಪಿ ಗಿಡ ಅನ್ನುತ್ತಾರೆ. ನಮ್ಮ ತುರುಚೆ ಸೊಪ್ಪಿನ ಉರಿ ಅರ್ಧ ದಿನಕ್ಕೆ ಹೋಗುತ್ತದೆ, ಇದರದ್ದು ತಿಂಗಳುಗಟ್ಟಲೆ ಇರುತ್ತದೆ. ಉಜ್ಜಬಾರದು. ಕೂದಲು ತೆಗೆಯುವ ಮೇಣದ ಪಟ್ಟಿಯಿಂದ ಮುಳ್ಳು ಕೀಳಬೇಕು. ಒಂದು ಪೊಟ್ಟಣ ತಂದಿಟ್ಟುಕೊಳ್ಳಿ. ಮಗಳಿಗೆ ಇವತ್ತೇ ಗಿಡ ತೋರಿಸಿ.

ಘಟ್ಟದಾಚೆ ಮರೀಬಾ

ರವಿ ಅವರೇ, ನಾನು ಹುಬ್ಬಳ್ಳಿ ಕಡೆಯವನು. ಮರೀಬಾದ ಒಂದು ಮಾವಿನ ತೋಟದಲ್ಲಿ ಸೂಪರ್‌ವೈಸರ್. ನಿಮ್ಮಲ್ಲಿಂದ ಘಟ್ಟ ಹತ್ತಿ ಬಂದರೆ ನಮ್ಮದು ಬಯಲುಸೀಮೆ ನೋಡ್ರಿ. ಮಳೆ ನಿಮ್ಮದರ ಕಾಲು ಭಾಗ, ಟಿನಾರೂ ಅಣೆಕಟ್ಟಿನ ಕಾಲುವೆ ನೀರಿನಲ್ಲಿ ಬೆಳೆ. ಅದಕ್ಕೇ ಮಾವು ಇಲ್ಲಿ ಚೆನ್ನಾಗಿ ಆಗುತ್ತದೆ. ನಿಮ್ಮಲ್ಲಿ ಹೂವು ಬಿಡುವಾಗ ಹನಿ ಬಿದ್ದು ಕಪ್ಪಾಗುತ್ತದೆ.

ಅಕ್ಕ ತೋಟದ ಮಾತು ಹೇಳಿದ್ದಾರೆ. ನಾನು ಕಾಗದದ ಮಾತು ಹೇಳುತ್ತೇನೆ. 491 ಅಂದರೆ ಐದು ವರ್ಷದ ತಾತ್ಕಾಲಿಕ ವೀಸಾ. ಮೂರು ವರ್ಷ ಇಲ್ಲಿದ್ದು ಶರತ್ತು ಪೂರೈಸಿದರೆ 191 ವೀಸಾಕ್ಕೆ ಅರ್ಜಿ ಹಾಕಬಹುದು, ಅದು ಪಿಆರ್, ಅಂದರೆ ಕಾಯಂ ವಾಸದ ಅನುಮತಿ. ಅಲ್ಲಿವರೆಗೆ ಜಾಗ ಕೊಳ್ಳುವ ಆಸೆ ಬೇಡ. ಪಿಆರ್ ಇಲ್ಲದವರು ಆಸ್ತಿ ಕೊಳ್ಳುವುದಕ್ಕೆ ವಿದೇಶಿ ಹೂಡಿಕೆಯ ನಿಯಮಗಳು ಬರುತ್ತವೆ. 2025ರ ಏಪ್ರಿಲ್‌ನಿಂದ 2027ರ ಮಾರ್ಚ್‌ವರೆಗೆ ತಾತ್ಕಾಲಿಕ ವೀಸಾದವರು ಹಳೇ ಮನೆ ಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ನೀವು ಬಾಡಿಗೆಯಲ್ಲಿ ಇರುವುದೇ ಒಳ್ಳೆಯದಾಯಿತು.

ಮಾಲೀಕರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬರವಣಿಗೆಗೆ ತನ್ನಿ. ಈಗಲೇ. ನನಗೆ ಪೆಟ್ಟು ಬಿದ್ದಿದೆ. ಮೊದಲಿದ್ದ ಕಡೆ ಒಂದು ಎಕರೆಯಲ್ಲಿ ಡ್ರ್ಯಾಗನ್ ಫ್ರೂಟ್ ಹಾಕಿದ್ದೆ. ಕಂಬ, ತಂತಿ, ಪೈಪು ಎಲ್ಲ ನನ್ನ ಖರ್ಚು. ಎರಡನೇ ವರ್ಷ ಜಾಗ ಮಾರಿಬಿಟ್ಟರು. ಕಾಗದದಲ್ಲಿ ಏನೂ ಇರಲಿಲ್ಲ, ಹಾಗಾಗಿ ಏನೂ ಕೇಳುವಂತಿರಲಿಲ್ಲ. ಎಷ್ಟು ವರ್ಷ, ಬಿಡುವಾಗ ಗಿಡ ಯಾರದ್ದು, ತೊರೆ ನೀರು ಎತ್ತಬಹುದಾ, ಶೆಡ್ ಬಳಸಬಹುದಾ ಅಂತ ಒಂದು ಪುಟ ಬರೆಸಿ ಸಹಿ ಮಾಡಿಸಿಕೊಳ್ಳಿ.

ಹಸು ಕಟ್ಟುವ ಮನಸ್ಸಿದ್ದರೆ, ಒಂದೇ ಹಸುವಾದರೂ ಜಾಗಕ್ಕೆ ಪಿಐಸಿ ಅನ್ನುವ ಸರ್ಕಾರಿ ಗುರುತಿನ ನಂಬರ್ ಬೇಕು, ಕಿವಿಗೆ ಟ್ಯಾಗ್ ಬೇಕು. ತೊರೆ ಬದಿಯ ಸ್ಥಳೀಯ ಮರಗಳನ್ನು ಮಾಲೀಕರು ಒಪ್ಪಿದರೂ ನೀವು ಕಡಿಯಬೇಡಿ, ಅದಕ್ಕೆ ಬೇರೆ ಕಾನೂನು ಇದೆ. ಈ ಕರಾವಳಿಯ ಕಾಡು 1988ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅದರ ಗಡಿ ನಿಮ್ಮ ಬೇಲಿಗೆ ತಾಗಿದೆಯಾ ಅಂತಲೂ ನೋಡಿಕೊಳ್ಳಿ.

ಇನ್ನು ದಿನಸಿ. ನವೆಂಬರ್‌ನಲ್ಲೇ ಎರಡು ವಾರಕ್ಕಾಗುವಷ್ಟು ಅಕ್ಕಿ ಬೇಳೆ, ಗ್ಯಾಸು, ಜನರೇಟರಿಗೆ ಪೆಟ್ರೋಲ್ ಇಟ್ಟುಕೊಳ್ಳಿ. 2025ರ ಫೆಬ್ರವರಿಯಲ್ಲಿ ಇಂಗಮ್ ಮತ್ತು ಟೌನ್ಸ್‌ವಿಲ್ ಮಧ್ಯೆ ಒಲ್ಲೆರಾ ತೊರೆಯ ಸೇತುವೆ ಕುಸಿದು ಬ್ರೂಸ್ ಹೆದ್ದಾರಿ ಕಡಿದುಹೋಗಿತ್ತು. ದಕ್ಷಿಣದಿಂದ ಲಾರಿ ನೇರವಾಗಿ ಬರಲು ದಾರಿ ಇರಲಿಲ್ಲ.

ಡಿಸೆಂಬರ್‌ನಲ್ಲಿ ನಮ್ಮಲ್ಲಿ ಮಾವು ಕೊಯ್ಲು. ಮಗಳನ್ನು ಕರೆದುಕೊಂಡು ಬನ್ನಿ. ಮನೆಯಲ್ಲಿ ರೊಟ್ಟಿ ಎಣ್ಣೆಗಾಯಿ ಮಾಡಿಸುತ್ತೇನೆ.

ಪುತ್ತೂರಿನ ಮೆಣಸು

ನಾನು ಆಸ್ಟ್ರೇಲಿಯಾ ನೋಡಿದವನಲ್ಲ, 66 ವರ್ಷದ ಕೃಷಿಕ. ಮೆಣಸಿನ ಬಗ್ಗೆ ಕೇಳಿದ್ದಕ್ಕೆ ಎರಡು ಮಾತು. ನಾನು ಒಂದೇ ಮಳೆಗಾಲದಲ್ಲಿ 200 ಬಳ್ಳಿ ಕಳಕೊಂಡವನು. ಸೊರಗು ರೋಗ ನೀರು ನಿಂತ ಬುಡಕ್ಕೆ ಬರುತ್ತದೆ. ಆ ತಂಗಿ ಹೇಳಿದ ಗೂಟದ ಕೆಲಸ ಮಾಡದೆ ಬಳ್ಳಿ ನೆಡಬೇಡಿ. ಇಳಿಜಾರಿನ ಮೇಲ್ಭಾಗದಲ್ಲಿ ಬುಡಕ್ಕೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ನೆಲಕ್ಕೆ ಹರಡುವ ಬಳ್ಳಿಯನ್ನು ಮಳೆಗಾಲಕ್ಕೆ ಮುಂಚೆ ಕತ್ತರಿಸಿ ಅಥವಾ ಎತ್ತಿ ಕಟ್ಟಿ. ಮಣ್ಣಿನ ಹನಿ ಕೆಳಗಿನ ಎಲೆಗೆ ಸಿಡಿಯಬಾರದು. ಶೇ 1ರ ಬೋರ್ಡೋ ನಿಮಗೆ ಗೊತ್ತೇ ಇದೆ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಹೊಡೆದರೆ ಎರಡನೆಯದ್ದಕ್ಕೆ ಬಿಡುವು ನೋಡಬಹುದು. ನಿಮ್ಮಲ್ಲಿ ವರ್ಷವಿಡೀ ಹನಿ ಅಂದರೆ ಅಲ್ಲಿನ ಬೆಳೆಗಾರರು ಯಾವಾಗ ಹೊಡೆಯುತ್ತಾರೆ ಕೇಳಿ, ಅವರ ಲೆಕ್ಕ ಹಿಡಿಯಿರಿ. ಔಷಧಿಗೂ ಅಲ್ಲಿನ ನಿಯಮ ಕೇಳಿಯೇ ಹೊಡೆಯಿರಿ.

ತಂಗೀ, ಅಲ್ಲಿ ಮುಜಂಟಿ ಜೇನು ಉಂಟಾ?

ಸಾಗರದವಳು

ಉಂಟು ಅಣ್ಣಾ. ಕಚ್ಚದ ಸಣ್ಣ ಜೇನು, ನಮ್ಮ ಮುಜಂಟಿಯ ಹತ್ತಿರದ ಸಂಬಂಧಿ. ನನ್ನ ಹತ್ತಿರ ಮೂರು ಪೆಟ್ಟಿಗೆ ಇವೆ. ತುಪ್ಪ ಅದೇ ಹುಳಿಸಿಹಿ. ಮೆಣಸು ಸಿಲ್ಕ್‌ವುಡ್ ಹತ್ತಿರ ಮಾರಾಟಕ್ಕೇ ಬೆಳೆಯುತ್ತಾರೆ. ನಿಮ್ಮ ದಿಬ್ಬದ ಮಾತು ನನಗೂ ಬೇಕಿತ್ತು.

ತುಂಗಾತೀರದವ

ಅಕ್ಕಾ, ನಿಮ್ಮ ಉತ್ತರ ಓದಿ ಮನೆ ಹಿಂದೆ ಹೋಗಿ ನೆರಳು ಯಾವ ಕಡೆ ಬೀಳುತ್ತಿದೆ ನೋಡಿದೆ. ಮಧ್ಯಾಹ್ನ ಹನ್ನೆರಡಕ್ಕೆ ನನ್ನ ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಮೂರು ತಿಂಗಳಿಂದ ಇಲ್ಲಿದ್ದೇನೆ, ಗಮನಿಸಿರಲಿಲ್ಲ. ಮಗಳನ್ನೂ ಕರೆದು ತೋರಿಸಿದೆ. ಅವಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ.

ಮಾಲೀಕರಿಗೆ ಕಾಗದದ ವಿಷಯ ಹೇಳಿದೆ. ಒಪ್ಪಿದರು, ಮೂರು ವರ್ಷಕ್ಕೆ ಬರೆದುಕೊಡುತ್ತಾರಂತೆ. ಮರೀಬಾ ಅಣ್ಣನಿಗೆ ತುಂಬಾ ಉಪಕಾರ. ಡಿಸೆಂಬರ್‌ನಲ್ಲಿ ಖಂಡಿತ ಬರುತ್ತೇವೆ. ಪುತ್ತೂರಿನ ಹಿರಿಯರಿಗೆ ನಮಸ್ಕಾರ, ಬಳ್ಳಿ ಮುಂದಿನ ವರ್ಷಕ್ಕೇ ಇಟ್ಟುಕೊಂಡೆ.

ಇನ್ನೊಂದು ಕೇಳಬೇಕು. ಅಮ್ಮ ಜನವರಿಯಲ್ಲಿ ಬರುತ್ತೇನೆ ಅನ್ನುತ್ತಿದ್ದಾರೆ. 67 ವರ್ಷ, ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ತಾರೆ. ಅಪ್ಪ ಹೋದಮೇಲೆ ತೋಟ ಅವರಿಗೆ ಉಸಿರು. ದಿನಾ ಬೆಳಿಗ್ಗೆ ಬರಿಗಾಲಲ್ಲಿ ಒಂದು ಸುತ್ತು ಹಾಕದಿದ್ದರೆ ಅವರಿಗೆ ಊಟ ಸೇರಲ್ಲ. ಅವರು ಬಂದರೆ ನನಗೂ ಜೊತೆ. ಇಲ್ಲಿ ಅವರಿಗೆ ಹೊತ್ತು ಹೋಗುತ್ತದಾ?

ಸಾಗರದವಳು

ರವಿ, ಇದಕ್ಕೆ ನಾನು ನೇರವಾಗಿ ಹೇಳಲೇಬೇಕು. ಜನವರಿ ಬೇಡ. ಅಮ್ಮನನ್ನು ಜೂನ್‌ನಲ್ಲಿ ಕರೆಸಿ.

ಇಲ್ಲಿ ಮೆಲಿಯಾಯ್ಡೋಸಿಸ್ ಅಂತ ಒಂದು ಕಾಯಿಲೆ ಇದೆ. ಅದರ ಬ್ಯಾಕ್ಟೀರಿಯಾ ಮಣ್ಣಿನೊಳಗೆ ಇರುತ್ತದೆ. ದೊಡ್ಡ ಮಳೆಯಲ್ಲಿ ಮೇಲೆ ಬರುತ್ತದೆ, ಕಾಲಿನ ಸಣ್ಣ ಗಾಯದಿಂದ ಮೈಗೆ ಸೇರುತ್ತದೆ. ಗಾಳಿ ಮಳೆಯಲ್ಲಿ ಉಸಿರಿನ ಜೊತೆಯೂ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ. ಜೀವಕ್ಕೇ ಬರುತ್ತದೆ. ನಮ್ಮ ಕರಾವಳಿಯಲ್ಲೂ ಇದೆ, ಮಣಿಪಾಲದ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಆದರೆ ಊರಲ್ಲಿ ನಾವು ಇದರ ಹೆಸರನ್ನೇ ಕೇಳಿರುವುದಿಲ್ಲ. ಜೊತೆಗೆ ಇಲಿ ಜ್ವರ, ಅದು ನಿಮಗೆ ಗೊತ್ತು. ಇಲ್ಲಿ ಬಾಳೆ ತೋಟದಲ್ಲಿ ಕೆಲಸ ಮಾಡುವವರಿಗೆ ಬರುವುದುಂಟು. ನಿಮ್ಮ ಹೆಂಡತಿ ನರ್ಸ್, ಅವರನ್ನು ಕೇಳಿ, ಅವರು ವಾರ್ಡಿನಲ್ಲಿ ನೋಡುತ್ತಾರೆ. ಮಳೆಗಾಲದಲ್ಲಿ ನೀವೂ ಬರಿಗಾಲಲ್ಲಿ ಇಳಿಯಬೇಡಿ. ಗಂಬೂಟು, ಕೈಗವಸು, ಗಾಯಕ್ಕೆ ನೀರು ಹೋಗದ ಪಟ್ಟಿ. ಜ್ವರ ಬಂದರೆ ಒಂದು ದಿನ ನೋಡೋಣ ಅನ್ನಬೇಡಿ. ತೋಟದಲ್ಲಿ ಕೆಲಸ ಮಾಡ್ತೀನಿ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ನನ್ನ ಅತ್ತೆಗೂ ಬರಿಗಾಲಿನ ಅಭ್ಯಾಸ. ಅವರಿಗೆ ಈ ಮಾತು ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಮಣ್ಣು ಮುಟ್ಟಬೇಡಿ ಅಂತ ಹೇಗೆ ಹೇಳಲಿ, 50 ವರ್ಷ ಮಣ್ಣು ಮುಟ್ಟಿ ಬದುಕಿದವರಿಗೆ? ಕೊನೆಗೆ ನನ್ನವರು ಸೊಂಟದೆತ್ತರಕ್ಕೆ ಎರಡು ಮರದ ಪೆಟ್ಟಿಗೆ ಮಾಡಿ ಜಗಲಿಯ ಪಕ್ಕ ಇಟ್ಟರು. ಅದರಲ್ಲಿ ಬಸಳೆ, ಕೊತ್ತಂಬರಿ, ಹೀರೆ ಹಾಕಿದೆವು. ಅತ್ತೆ ಅದರ ಮುಂದೆ ಕೈಗವಸು ಹಾಕಿಕೊಂಡು ನಿಂತು ಕೆಲಸ ಮಾಡುತ್ತಿದ್ದರು. ಒಣ ದಿನಗಳಲ್ಲಿ ಗಂಬೂಟು ಹಾಕಿಕೊಂಡು ತೋಟಕ್ಕೆ ಬರುತ್ತಿದ್ದರು. ಸೀರೆಯ ಕೆಳಗೆ ಕಪ್ಪು ಬೂಟು. ಆ ಫೋಟೊ ನಮ್ಮ ದೇವರ ಕೋಣೆಯ ಪಕ್ಕ ಇದೆ.

ಹೊತ್ತು ಹೋಗುತ್ತದಾ ಅಂದಿರಿ. ಮೊದಲ ತಿಂಗಳು ಹೋಗಲಿಲ್ಲ. ಆಮೇಲೆ ನಾನು ಗೇಟಿನ ಹೊರಗೆ ಒಂದು ಸಣ್ಣ ಗೂಡು ಇಟ್ಟೆ. ಇಲ್ಲಿ ರಸ್ತೆ ಬದಿಯಲ್ಲಿ ನೋಡಿರುತ್ತೀರಿ, ತರಕಾರಿ ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಡುತ್ತಾರೆ, ಕಾಯುವವರು ಇರಲ್ಲ. ಕೆಸುವಿನೆಲೆ, ಕರಿಬೇವು, ಎಳೆ ಹಲಸು ಇಟ್ಟೆ. ಮೊದಲು ಬಂದದ್ದು ಒಬ್ಬ ಫಿಲಿಪೀನ್ಸ್ ಹೆಂಗಸು. ಆಮೇಲೆ ಶ್ರೀಲಂಕಾದ ಒಬ್ಬ ಡಾಕ್ಟರು ಕರಿಬೇವಿಗೆ. ಬಾಳೆ ತೋಟಕ್ಕೆ ಕೆಲಸಕ್ಕೆ ಬಂದಿರುವ ವನುವಾಟು ಹುಡುಗರು ಕೆಸುವಿನ ಗೆಡ್ಡೆಗೆ. ಅವರ ಊರಲ್ಲಿ ಅದೇ ಅನ್ನದ ಹಾಗೆ. ಒಂದು ಪಂಜಾಬಿ ಮನೆಯವರು ಸೋರೆಕಾಯಿ ಕೇಳಿಕೊಂಡು ಬಂದರು. ಅತ್ತೆ ಜಗಲಿಯಿಂದ ಇಳಿದು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರಲು ಶುರು ಮಾಡಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕೆಸು ಹೆಚ್ಚುವ ಮೊದಲು ಹುಣಸೆ ಹಚ್ಚಬೇಕು ಅನ್ನುವುದನ್ನು ವನುವಾಟು ಹುಡುಗನಿಗೆ ಕೈಸನ್ನೆಯಲ್ಲೇ ಹೇಳಿಕೊಟ್ಟರು. ಅವನು ತೆಂಗಿನ ಹಾಲಿನಲ್ಲಿ ಬೇಯಿಸುವುದನ್ನು ಇವರಿಗೆ ತೋರಿಸಿದ.

ಕೆಸು ಇಲ್ಲಿ ಚಿಗುರುವುದು ಮಳೆಗಾಲದಲ್ಲಿ, ಅಂದರೆ ಫೆಬ್ರವರಿಯಲ್ಲಿ. ಆಷಾಢದ ಪತ್ರೊಡೆಯನ್ನು ನಾವು ಶಿವರಾತ್ರಿ ಹತ್ತಿರ ಮಾಡುತ್ತೇವೆ. ಮೊದಲ ವರ್ಷ ಅತ್ತೆ ಒಪ್ಪಲಿಲ್ಲ. ಪತ್ರೊಡೆಗೊಂದು ಕಾಲ ಇದೆ ಅಂದರು. ಎರಡನೇ ವರ್ಷ ತಾವೇ ಎಲೆ ಆರಿಸಿ ಕೊಟ್ಟರು.

ಮುಂದಿನ ಶನಿವಾರ ಸಂಜೆ ಮೂವರೂ ಮನೆಗೆ ಬನ್ನಿ. ವಿಳಾಸ ಮೆಸೇಜ್ ಮಾಡುತ್ತೇನೆ. ಈಗ ಕಬ್ಬು ಅರೆಯುವ ಕಾಲ, ನಮ್ಮ ಗೇಟಿನ ಮುಂದೆಯೇ ಕಬ್ಬಿನ ರೈಲು ಹೋಗುತ್ತದೆ, ಮಗಳಿಗೆ ಖುಷಿಯಾಗುತ್ತದೆ. ಬರುವಾಗ ಬೂಟಿನ ಮಣ್ಣು ತೊಳೆದುಕೊಂಡು ಬನ್ನಿ, ನಮ್ಮ ಗೇಟಿನಲ್ಲೂ ಅದ್ದುವ ತಟ್ಟೆ ಇದೆ. ನಿಮ್ಮ ಹೆಂಡತಿಗೆ ರಾತ್ರಿ ಡ್ಯೂಟಿ ಇದ್ದರೆ ಬೇರೆ ದಿನ ಇಟ್ಟುಕೊಳ್ಳೋಣ.

ತುಂಗಾತೀರದವ

ಶನಿವಾರ ಅವಳಿಗೆ ರಜೆ ಇದೆ ಅಕ್ಕ, ಬರುತ್ತೇವೆ. ಅಮ್ಮನಿಗೆ ಈಗಷ್ಟೇ ಫೋನ್ ಮಾಡಿದೆ. ಜೂನ್ ಅಂದಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಬೂಟಿಗೆ ಕಾಲಿನ ಅಳತೆ ಹೇಗೆ ತೆಗೆಯೋದು ಅಂತ ಕೇಳಿದರು.